ಒಂದೇ ನಂಬರಿನ ಪೆಟ್ಟಿಗೆಗಳು

ಆ ಲ್ಯಾಬಿನಲ್ಲಿ ದಿನವಿಡೀ ಎರಡೇ ಮಾತು. ಈ ಮೂಲೆಯಿಂದ ಒಬ್ಬರು "ಬಂತಾ?" ಅಂತ ಕೂಗಬೇಕು, ಆ ಮೂಲೆಯಿಂದ ಇನ್ನೊಬ್ಬರು "ಬಂತು" ಅನ್ನಬೇಕು. ಕಂಪ್ಯೂಟರುಗಳನ್ನು ಒಂದಕ್ಕೊಂದು ತಂತಿಯಿಂದ ಜೋಡಿಸಿ, ಇಲ್ಲಿಂದ ಕಳಿಸಿದ ಕರೆ ಅಲ್ಲಿಗೆ ಮುಟ್ಟಿತೋ ಇಲ್ಲವೋ ನೋಡುವುದೇ ನೆಟ್‌ವರ್ಕಿಂಗ್ ಪಾಠದ ಮೊದಲ ಮೆಟ್ಟಿಲು. ಮುಟ್ಟಿದ್ದು ಪರದೆಯ ಮೇಲೆ ತಾನಾಗಿಯೇ ಕಾಣುತ್ತದೆ, ಗಂಟಲು ಹರಿದುಕೊಳ್ಳುವ ಅಗತ್ಯವೇನೂ ಇಲ್ಲ. ಆದರೆ ಮಕ್ಕಳು ಪರದೆಯನ್ನು ನಂಬುವುದಿಲ್ಲ, ಆ ತುದಿಯಲ್ಲಿ ಕೂತವನ ಬಾಯಿಂದಲೇ ಕೇಳಬೇಕು. ಮೊದಲ ವಾರ ಪಕ್ಕದವರ ಮುಖ ನೋಡಲೂ ನಾಚುತ್ತಿದ್ದವರು ತಿಂಗಳು ಕಳೆಯುವಷ್ಟರಲ್ಲಿ ಸಂತೆಯಲ್ಲಿ ಕೂಗಿದ ಹಾಗೆ ಕೂಗುತ್ತಿದ್ದರು.

ಈ ಗಲಾಟೆಯ ಒಡತಿ ಲ್ಯಾಬಕ್ಕ. ಅವಳ ಹುದ್ದೆಗೆ ಬೇರೆ ಹೆಸರಿತ್ತು, ಬಾಗಿಲ ಮೇಲೆ ಬೋರ್ಡೂ ಇತ್ತು. ಯಾವ ಕಾಲದಲ್ಲೋ ಯಾವನೋ ತುಂಟ ಲ್ಯಾಬಕ್ಕ ಅಂದ, ಅದೇ ಅಂಟಿಕೊಂಡಿತು. ಪ್ರಿನ್ಸಿಪಾಲರು ಕೂಡ ಒಮ್ಮೊಮ್ಮೆ ಬಾಯಿತಪ್ಪಿ ಹಾಗೇ ಕರೆದುಬಿಟ್ಟು ಕೆಮ್ಮುತ್ತಿದ್ದರು. ತಂತಿ ಕತ್ತರಿಸುವುದು, ತುದಿಗೆ ಪಿನ್ನು ಕಚ್ಚಿಸುವುದು, ಕೆಟ್ಟ ಯಂತ್ರಕ್ಕೆ ಜೀವ ಬರಿಸುವುದು, ಜಗಳ ಬಿಡಿಸುವುದು ಎಲ್ಲ ಅವಳ ಕೆಲಸ. ಮಕ್ಕಳ ಮೇಲೆ ರೇಗುವುದು ಮಾತ್ರ ಕೆಲಸವಲ್ಲ, ಅವಳ ಸುಖ.

ಅದು ಯಾಕೆ ಸುಖ ಅನ್ನುವುದನ್ನು ತಿಳಿಯಬೇಕಾದರೆ ಅವಳ ಮನೆಯ ವಿಚಾರ ಹೇಳಬೇಕು. ಗಂಡ ಹೋದ ಮೇಲೆ ಆ ಮನೆಯಲ್ಲಿ ಉಳಿದದ್ದು ಅವಳು ಮತ್ತು ಅವಳ ನಾದಿನಿ. ಇಬ್ಬರಿಗೂ ಎಣ್ಣೆ ಸೀಗೇಕಾಯಿ. ಸಾಯಂಕಾಲ ಇವಳು ಚಿಲಕ ಮುಟ್ಟಿದರೆ ಸಾಕು, ಒಳಗಿಂದ "ಬಂದ್ರಾ ಮಹಾರಾಣಿಯವ್ರು?" ಅಂತ ಶುರು. ಒಲೆಯ ಮೇಲಿಟ್ಟ ಪಾತ್ರೆಯಿಂದ ಹಿಡಿದು ಹತ್ತು ವರ್ಷದ ಹಿಂದೆ ಕಳೆದುಹೋದ ಛತ್ರಿಯವರೆಗೆ ಯಾವುದಕ್ಕೂ ಜಗಳ. ಮಲಗುವ ಹೊತ್ತಿಗೆ ಇಬ್ಬರ ಗಂಟಲೂ ಒಣಗಿರುತ್ತಿತ್ತು. ಹೋದ ವರ್ಷ ನಾದಿನಿ ತೀರಿಕೊಂಡಳು. ನೆಂಟರೆಲ್ಲ ಅತ್ತರು, ಲ್ಯಾಬಕ್ಕನಿಗೆ ಅಳು ಬರಲಿಲ್ಲ. ಅದಾಗಿ ಎಷ್ಟೋ ದಿನದ ಮೇಲೆ ಒಂದು ಸಾಯಂಕಾಲ ಚಿಲಕ ತೆಗೆದು ಒಳಗೆ ಕಾಲಿಟ್ಟವಳು ಬೈಗುಳಕ್ಕೆ ಕಾಯುತ್ತ ಹೊಸ್ತಿಲಲ್ಲೇ ನಿಂತುಬಿಟ್ಟಳು. ಯಾರೂ ಬೈಯಲಿಲ್ಲ. ಚಪ್ಪಲಿಯನ್ನೂ ಬಿಡದೆ ಅಲ್ಲೇ ಕೂತು ಅತ್ತಳು.

ಅಂದಿನಿಂದ ಅವಳಿಗೆ ಲ್ಯಾಬೇ ಮನೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುತ್ತಿದ್ದಳು, ಸಾಯಂಕಾಲ ಕಾವಲುಗಾರ ಬೀಗದ ಕೈ ಅಲ್ಲಾಡಿಸುವವರೆಗೂ ಏಳುತ್ತಿರಲಿಲ್ಲ.

ಹೀಗಿರುವಾಗ ಹೊಸ ಮೇಷ್ಟ್ರು ಬಂದರು. ವಯಸ್ಸು ಚಿಕ್ಕದು, ಉತ್ಸಾಹ ದೊಡ್ಡದು, ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಸ್ಕ್ರೂಡ್ರೈವರು. ಅವರ ತಲೆಯಲ್ಲಿ ಒಂದು ಯೋಜನೆಯಿತ್ತು. ಲ್ಯಾಬು ಚಿಕ್ಕದು, ಮಕ್ಕಳು ಹೆಚ್ಚು, ಒಬ್ಬೊಬ್ಬರಿಗೆ ವಾರಕ್ಕೊಂದು ಸರದಿ ಸಿಕ್ಕರೆ ಪುಣ್ಯ. ಅದರ ಬದಲು ಲ್ಯಾಬನ್ನೇ ಪೆಟ್ಟಿಗೆಯಲ್ಲಿಟ್ಟು ಮನೆಗೆ ಕಳಿಸಿದರೆ? ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ. ಅದರೊಳಗೆ ಅಂಗೈಯಲ್ಲಿ ಹಿಡಿಯುವಂಥ ಮೂರು ಪುಟ್ಟ ಕಂಪ್ಯೂಟರು, ಅವುಗಳ ತಂತಿಗಳೆಲ್ಲ ಬಂದು ಸೇರುವ, ಸ್ವಿಚ್ಚು ಅನ್ನುವ ಒಂದು ಪುಟ್ಟ ಡಬ್ಬಿ, ಗೇಣುದ್ದದ ತಂತಿಗಳು, ಮುಚ್ಚಳದಲ್ಲೇ ಒಂದು ಪರದೆ. ಒಂದು ಕಂಪ್ಯೂಟರಿನಿಂದ ಕರೆ ಕಳಿಸಿ, ಎರಡನೆಯದರಲ್ಲಿ ತಾವೇ ನೋಡಿಕೊಳ್ಳಬಹುದು. ಯಾರ ಹಂಗೂ ಇಲ್ಲ.

ಸುಳ್ಳು ಯಾಕೆ ಹೇಳಬೇಕು, ಯೋಜನೆ ಚೆನ್ನಾಗಿತ್ತು. ಅದು ಲ್ಯಾಬಕ್ಕನಿಗೂ ಗೊತ್ತಿತ್ತು. ಬೇಕರಿಯಲ್ಲಿ ಕೆಲಸ ಮಾಡುತ್ತ ಓದುವ ಹುಡುಗಿಯೊಬ್ಬಳಿದ್ದಳು, ಎಲ್ಲರೂ ಬೇಕರಿ ಹುಡುಗಿ ಅಂತಲೇ ಕರೆಯುತ್ತಿದ್ದರು. ಬೆಳಗಿನ ಪಾಳಿ ಮುಗಿಸಿ, ತೋಳಿಗೆ ಮೆತ್ತಿದ ಹಿಟ್ಟನ್ನೂ ಒರೆಸಿಕೊಳ್ಳದೆ ಓಡಿಬರುವಷ್ಟರಲ್ಲಿ ಅವಳ ಸರದಿ ದಾಟಿಹೋಗಿರುತ್ತಿತ್ತು. ಅಂಥವರಿಗೆ ಈ ಪೆಟ್ಟಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗೆ. ಇಷ್ಟೆಲ್ಲ ಗೊತ್ತಿದ್ದೂ ಲ್ಯಾಬಕ್ಕನ ಎದೆಯೊಳಗೆ ಏನೋ ಮುರಿದ ಹಾಗಾಯಿತು. ಮಾತು ಕಲಿಸುವ ಪಾಠವನ್ನು ಒಬ್ಬೊಬ್ಬರೇ ಕೂತು ಕಲಿಯುವುದು ಎಂಥ ಕರ್ಮ ಅಂತ ಗೊಣಗಿಕೊಂಡಳು.

ಪೆಟ್ಟಿಗೆ ಸಿದ್ಧಪಡಿಸುವ ಕೆಲಸ ಬಂದದ್ದು ಅವಳ ತಲೆಗೇ. ಪುಟ್ಟ ಕಂಪ್ಯೂಟರುಗಳ ಜೀವವಿರುವುದು ಉಗುರಿನಷ್ಟೇ ಇರುವ ಮೆಮೊರಿ ಕಾರ್ಡಿನಲ್ಲಿ. ಒಂದು ಪೆಟ್ಟಿಗೆಯ ಕಾರ್ಡುಗಳನ್ನು ಸರಿಯಾಗಿ ತಯಾರಿಸಿ, ಉಳಿದ ಪೆಟ್ಟಿಗೆಗಳಿಗೆ ಅವನ್ನೇ ನಕಲು ಮಾಡಬೇಕು. ನಕಲಾದ ಮೇಲೆ ಒಂದೊಂದು ಪೆಟ್ಟಿಗೆಯನ್ನೂ ಚಾಲೂ ಮಾಡಿ, ಕರೆ ಯಾವ ಪೆಟ್ಟಿಗೆಗೆ ಅಂತ ಗುರುತು ಸಿಗಲು ಅದರದ್ದೇ ಆದ ನಂಬರು ಕೊಡಬೇಕು. ಮೇಷ್ಟ್ರು ಇದನ್ನು ಒತ್ತಿ ಹೇಳಿದ್ದರು, ಅವಳೂ ಹೂಂ ಅಂದಿದ್ದಳು.

ಆದರೆ ಆ ವಾರ ಏನಾಯಿತೆಂದರೆ, ಮಕ್ಕಳೆಲ್ಲ ಸಹಾಯಕ್ಕೆ ನುಗ್ಗಿದರು. ಸರದಿಯಿಲ್ಲ, ಗಂಟೆಯಿಲ್ಲ, ಮೇಜಿನ ಮೇಲೂ ಕೆಳಗೂ ಅವರೇ. ಒಬ್ಬ ತಂತಿ ಸುತ್ತುವವನು, ಒಬ್ಬಳು ಕಾರ್ಡು ತೂರಿಸುವವಳು, ಒಬ್ಬ ಸುಮ್ಮನೆ ಹಾಡುವವನು. ಬೇಕರಿ ಹುಡುಗಿ ಅಂಚು ಸೀದ ಬಿಸ್ಕತ್ತಿನ ಪೊಟ್ಟಣ ತಂದು ನಡುವೆ ಇಟ್ಟಳು. ನಾದಿನಿ ಹೋದ ಮೇಲೆ ಅಷ್ಟು ಮಾತು, ಅಷ್ಟು ನಗು ಲ್ಯಾಬಕ್ಕನ ಕಿವಿಗೆ ಬಿದ್ದಿರಲಿಲ್ಲ. ಅವಳೂ ಬೈದಳು, ನಕ್ಕಳು, ಬಿಸ್ಕತ್ತು ತಿಂದಳು. ನಕಲಾದ ಕಾರ್ಡು ಪೆಟ್ಟಿಗೆಗೆ ಬಿತ್ತು, ಪೆಟ್ಟಿಗೆಗೆ ಮುಚ್ಚಳ ಬಿತ್ತು. ಆ ಸಂಭ್ರಮದಲ್ಲಿ ನಂಬರಿನ ಮಾತು ಯಾರ ನೆನಪಿಗೂ ಬರಲಿಲ್ಲ. ಎಲ್ಲ ಪೆಟ್ಟಿಗೆಗಳೂ ಮೊದಲನೆಯದರ ನಂಬರನ್ನೇ ಹೊತ್ತು ಮನೆಮನೆಗೆ ಹೋದವು. ಮನೆಯಲ್ಲಿ ಪೆಟ್ಟಿಗೆ ಒಂದೇ ಇರುವುದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಗೊತ್ತೂ ಆಗಲಿಲ್ಲ.

ಮರುವಾರದಿಂದ ಲ್ಯಾಬು ಭಣಭಣ. ಮೊದಮೊದಲು ಫೋನು ಬರುತ್ತಿತ್ತು. ಅಕ್ಕಾ ದೀಪ ಹತ್ತಲ್ಲ, ಅಕ್ಕಾ ತಂತಿ ಎಲ್ಲಿಗೆ ಚುಚ್ಚಲಿ ಅಂತ. ಅವಳು ಒಂದು ಮಾತಿನಲ್ಲಿ ಮುಗಿಯುವ ಉತ್ತರವನ್ನು ಎಳೆದು ಎಳೆದು ಹೇಳುತ್ತಿದ್ದಳು, ಊಟ ಆಯ್ತಾ, ಅಮ್ಮ ಹೇಗಿದ್ದಾರೆ ಅಂತ ಕೇಳುತ್ತಿದ್ದಳು. ಆಮೇಲೆ ಅದೂ ನಿಂತಿತು. ಪೆಟ್ಟಿಗೆ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಚೆನ್ನಾಗಿ ಮಾಡಿದ ಕೆಲಸಕ್ಕೆ ಸಿಕ್ಕ ಬಹುಮಾನ ನೋಡಿ ಅಂತ ಅವಳು ಖಾಲಿ ಬೆಂಚುಗಳಿಗೆ ಹೇಳಿದಳು. ಫ್ಯಾನು ಮಾತ್ರ ಕಟಕಟ ಅನ್ನುತ್ತಿತ್ತು. ಅದರ ಸದ್ದು ಸರಿಪಡಿಸಲು ಅವಳಿಗೆ ಗೊತ್ತಿತ್ತು, ಬೇಕಂತಲೇ ಬಿಟ್ಟಿದ್ದಳು.

ಒಂದು ದಿನ ಪ್ರಿನ್ಸಿಪಾಲರು ಕರೆಸಿದರು. ಕೂರಲು ಹೇಳಿದಾಗಲೇ ಅವಳಿಗೆ ಅನುಮಾನ ಬಂತು. ಮೇಲಿನ ಕಚೇರಿಯಿಂದ ನೋಡಲು ಬರುತ್ತಿದ್ದಾರೆ, ಮಕ್ಕಳೆಲ್ಲ ಪೆಟ್ಟಿಗೆ ತಂದು ಸಭಾಂಗಣದಲ್ಲಿ ಒಂದಕ್ಕೊಂದು ಜೋಡಿಸಿ ತೋರಿಸಬೇಕು ಅಂದರು. ಅದು ಸರಿಹೋದರೆ ಪೆಟ್ಟಿಗೆಯ ಪದ್ಧತಿಯೇ ಖಾಯಂ. ಆಗ ಲ್ಯಾಬಿನ ಕೋಣೆ ಪರೀಕ್ಷಾ ವಿಭಾಗಕ್ಕೆ, ಲ್ಯಾಬಕ್ಕ ಹಿಂದಿನ ಕಟ್ಟಡದ ಕಡತದ ಕೋಣೆಗೆ. "ಅಲ್ಲಿ ಆರಾಮ. ಯಾರ ಕಾಟಾನೂ ಇರಲ್ಲ," ಅಂತ ಒಳ್ಳೆಯ ಮನಸ್ಸಿನಿಂದಲೇ ಸಮಾಧಾನ ಹೇಳಿದರು. ಅವಳು ತಲೆಯಾಡಿಸಿ ಎದ್ದು ಬಂದಳು. ಕಡತದ ಕೋಣೆಯನ್ನು ಅವಳು ನೋಡಿದ್ದಳು. ಒಂದು ಮೇಜು, ಒಂದು ಕುರ್ಚಿ, ಸೂರಿನವರೆಗೂ ಕಟ್ಟಿಟ್ಟ ಕಾಗದ. ಅಲ್ಲಿಗೆ ಜನ ಬರುವುದು ಏನಾದರೂ ಕಳೆದುಹೋದಾಗ ಮಾತ್ರ.

ಅದೇ ವಾರ ಒಬ್ಬ ಹುಡುಗ ಸ್ವಿಚ್ಚು ಸರಿಯಿಲ್ಲವೆಂದು ತನ್ನ ಪೆಟ್ಟಿಗೆಯನ್ನು ತಂದಿಟ್ಟು ಹೋದ. ಅವಳು ಅದನ್ನು ಲ್ಯಾಬಿನ ದೊಡ್ಡ ಸ್ವಿಚ್ಚಿಗೆ ಹಾಕಿದಳು, ಹೋಲಿಸಿ ನೋಡಲು ತನ್ನ ಹತ್ತಿರ ಉಳಿದಿದ್ದ ಪೆಟ್ಟಿಗೆಯನ್ನೂ ಅದಕ್ಕೇ ಹಾಕಿದಳು. ಕರೆ ಕಳಿಸಿದರೆ ಒಂದು ಸಲ ಬಂತು, ಮೂರು ಸಲ ಬರಲಿಲ್ಲ. ನಂಬರು ನೋಡಿದಳು, ಎರಡರದ್ದೂ ಒಂದೇ. ಬೀದಿಯ ಮನೆಗಳಿಗೆಲ್ಲ ಒಂದೇ ನಂಬರು ಕೊಟ್ಟರೆ ಅಂಚೆಯವನಾದರೂ ಏನು ಮಾಡಿಯಾನು? ಸಭಾಂಗಣದಲ್ಲಿ ಎಲ್ಲ ಪೆಟ್ಟಿಗೆಗಳೂ ಒಟ್ಟಿಗೆ ಸೇರಿದ ದಿನ ನಾನೇ ನಾನೇ ಅಂತ ಕಿತ್ತಾಡುತ್ತವೆ, ಒಂದು ಕರೆಯೂ ನೆಟ್ಟಗೆ ಮುಟ್ಟುವುದಿಲ್ಲ.

ಸರಿಪಡಿಸುವುದು ಕಷ್ಟವೇನಲ್ಲ. ಒಬ್ಬೊಬ್ಬರಿಗೆ ಫೋನು ಮಾಡಿ ನಿನಗೆ ಇಂಥ ನಂಬರು ಅಂತ ಹೇಳಿದರೆ ಅವರೇ ಬದಲಾಯಿಸಿಕೊಳ್ಳುತ್ತಾರೆ, ಅದು ಎರಡನೇ ಪಾಠ. ಅವಳು ಫೋನು ಕೈಗೆತ್ತಿಕೊಂಡಳು. ಬೇಕರಿ ಹುಡುಗಿಯ ಹೆಸರಿನ ಮೇಲೆ ಬೆರಳಿಟ್ಟಳು. ಆಮೇಲೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ಇಲ್ಲಿ ಲ್ಯಾಬಕ್ಕನನ್ನು ಬೈಯುವುದು ಸುಲಭ, ಬೈಯಬೇಕಾದ್ದೇ. ಆದರೆ ಅವಳ ತಲೆಯಲ್ಲಿ ಓಡಿದ್ದು ಇಷ್ಟು. ಪೆಟ್ಟಿಗೆಯ ಮಾನ ಹೋದರೆ ಲ್ಯಾಬು ಉಳಿಯುತ್ತದೆ. ಮಕ್ಕಳು ವಾಪಸ್ಸು ಬರುತ್ತಾರೆ. ನಾನು ಏನನ್ನೂ ಕೆಡಿಸಬೇಕಾಗಿಲ್ಲ, ಬಾಯಿ ಮುಚ್ಚಿಕೊಂಡು ಕೂತರೆ ಸಾಕು. ಹೊಸ ಮೇಷ್ಟ್ರ ಗತಿ ಏನು ಅನ್ನುವ ಪ್ರಶ್ನೆಯೂ ಬಂತು. ಯೋಜನೆಯನ್ನು ತಲೆಯ ಮೇಲೆ ಹೊತ್ತು ತಿರುಗಿದವರು ಅವರು, ಬಿದ್ದರೆ ಅವರ ತಲೆಯ ಮೇಲೇ ಬೀಳುತ್ತದೆ, ಅವರ ಕೆಲಸ ಇನ್ನೂ ಖಾಯಂ ಆಗಿಲ್ಲ. ಚಿಕ್ಕ ವಯಸ್ಸು, ಇನ್ನೊಂದು ಕಡೆ ಸಿಗುತ್ತದೆ ಅಂತ ಆ ಪ್ರಶ್ನೆಯ ಬಾಯಿಯನ್ನೂ ಮುಚ್ಚಿದಳು. ಹುಡುಗನ ಪೆಟ್ಟಿಗೆಗೆ ಹೊಸ ಸ್ವಿಚ್ಚು ಹಾಕಿದಳು. ನಂಬರನ್ನು ಮುಟ್ಟಲಿಲ್ಲ.

ಪ್ರದರ್ಶನದ ಹಿಂದಿನ ಸಾಯಂಕಾಲ ಮೇಷ್ಟ್ರು ಲ್ಯಾಬಿಗೆ ಬಂದರು. ಊಟ ಮಾಡಿದ ಹಾಗೆ ಕಾಣಲಿಲ್ಲ, ಅಂಗಿಗೆ ಇಸ್ತ್ರಿಯೂ ಇರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಅದೂ ಇದೂ ಮಾತಾಡಿದರು. ಬೆಳಗಿನಿಂದ ಕೈಕಾಲು ಆಡುತ್ತಿಲ್ಲ ಅಂದರು. ಅವಳು ಟೀ ತರಿಸಿಕೊಟ್ಟಳು. ಏಳುವಾಗ ಕೇಳಿದರು.

"ಎಲ್ಲ ಸರಿ ಇದೆ ಅಲ್ವಾ ಮೇಡಂ?"

"ಇದೆ ಸರ್."

"ನೀವು ಇದೆ ಅಂದ್ರೆ ಆಯ್ತು ಬಿಡಿ," ಅಂದು ಹಗುರಾಗಿ ಹೊರಟುಹೋದರು. ಆ ಹಗುರ ಅವಳಿಗೆ ಭಾರವಾಗಿ ಕೂತಿತು. ಅವತ್ತು ಮನೆಯ ಹೊಸ್ತಿಲಲ್ಲಿ ನಿಂತು, ಬೈಯಿ ತಾಯಿ, ಇವತ್ತಾದರೂ ಬೈಯಿ ಅಂತ ಇಲ್ಲದ ನಾದಿನಿಗೆ ಹೇಳಿದಳು.

ಸಭಾಂಗಣದಲ್ಲಿ ಮೇಲಿನ ಕಚೇರಿಯವರು ಮುಂದಿನ ಸಾಲಿನಲ್ಲಿ ಕೂತರು. ಮಕ್ಕಳು ಉದ್ದಾನುದ್ದ ಮೇಜುಗಳ ಮೇಲೆ ಪೆಟ್ಟಿಗೆ ಬಿಚ್ಚಿದರು. ಲ್ಯಾಬಕ್ಕ ಹಿಂದಿನ ಬಾಗಿಲ ಹತ್ತಿರ ಗೋಡೆಗೆ ಆತು ನಿಂತಳು. ಮೇಷ್ಟ್ರು ಎರಡು ಮಾತಾಡಿ ಕೈ ಎತ್ತಿದರು, ಮಕ್ಕಳು ತಂತಿ ಚುಚ್ಚಿ ಕರೆ ಕಳಿಸಿದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಂದರ ಹಿಂದೆ ಒಂದು ಪರದೆ ಕೆಂಪಗಾಯಿತು.

ಮೇಷ್ಟ್ರು ಹತ್ತಿರದ ಪರದೆಗೆ ಬಗ್ಗಿದರು. ಕಾರಣ ಅವರಿಗೆ ನೋಡಿದ ಕೂಡಲೇ ತಿಳಿಯಿತು, ಅದು ಅವರ ಬೆನ್ನಿನಲ್ಲೇ ಕಾಣಿಸಿತು. ನೆಟ್ಟಗಾದರು, ಮುಂದಿನ ಸಾಲಿನ ಕಡೆ ತಿರುಗಿದರು, ಮತ್ತೆ ಮಕ್ಕಳ ಕಡೆ ತಿರುಗಿದರು. ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡರು. ಲ್ಯಾಬಕ್ಕ ಕಾದಿದ್ದ ಗಳಿಗೆ ಇದೇ, ತನಗೆ ಬೇಕಾದ್ದೇ ಆಗುತ್ತಿತ್ತು. ಆದರೆ ಮೇಷ್ಟ್ರ ಮುಖ ನೋಡಿ ಅವಳಿಗೆ ಸುಮ್ಮನೆ ನಿಲ್ಲಲಾಗಲಿಲ್ಲ. ಹೋಗಿ ಹೇಳಿಬಿಡಬೇಕು ಅಂತ ಗೋಡೆ ಬಿಟ್ಟು ಒಂದು ಹೆಜ್ಜೆ ಇಟ್ಟಳು.

ಅಷ್ಟರಲ್ಲಿ ಬೇಕರಿ ಹುಡುಗಿ ಅಕ್ಕಪಕ್ಕದವರ ಪರದೆಗಳನ್ನು ಬಗ್ಗಿ ನೋಡಿ, ಕುರ್ಚಿ ಹತ್ತಿ ನಿಂತಳು.

"ಎಲ್ಲರದ್ದೂ ಒಂದೇ ನಂಬರು ಕಣ್ರೋ. ಈ ತುದಿಯಿಂದ ಹೇಳ್ತಾ ಹೋಗ್ತೀನಿ, ಹಾಕ್ಕೊಳ್ಳಿ."

ಬೆಳಗಿನ ಗಿರಾಕಿಗಳ ನಡುವೆ ಟೋಕನ್ ಕೂಗಿ ಪಳಗಿದ ಗಂಟಲು ಅದು. ಒಬ್ಬೊಬ್ಬರಿಗೆ ಬೆರಳು ತೋರಿಸಿ ನಂಬರು ಕೂಗಿದಳು. ಸಾಲು ದಾಟಿದ ಮೇಲೆ ಮಕ್ಕಳೇ ಮುಂದಿನವರಿಗೆ ದಾಟಿಸಿದರು. ನನ್ನದು ಇದು, ನೀನು ಅದು ಹಾಕು, ಏಯ್ ಅದು ನಂದು, ತೆಗಿ ಅಂತ ಸಣ್ಣದೊಂದು ಜಗಳವೂ ಆಯಿತು. ಕೆಂಪಗಿದ್ದ ಪರದೆಗಳು ಒಂದೊಂದೇ ತಣ್ಣಗಾದವು. ಯಾರೋ ಒಬ್ಬ ಈ ತುದಿಯಿಂದ ಕರೆ ಕಳಿಸಿದ. ಪರದೆಯನ್ನು ನಂಬಲಿಲ್ಲ, ಎದ್ದು ನಿಂತು ಆ ತುದಿಗೆ ಕೂಗಿದ.

"ಬಂತಾ?"

"ಬಂತು!"

ಆಮೇಲೆ ಸಭಾಂಗಣ ಸಭಾಂಗಣವಾಗಿ ಉಳಿಯಲಿಲ್ಲ. ಎಲ್ಲ ಕಡೆಯಿಂದಲೂ ಬಂತಾ, ಬಂತು, ನಂಗೆ ಬರ್ಲಿಲ್ಲ, ಇನ್ನೊಂದ್ಸಲ ಕಳ್ಸೋ. ಲ್ಯಾಬಕ್ಕ ಇಟ್ಟ ಹೆಜ್ಜೆ ಅಲ್ಲೇ ನಿಂತಿತು. ಯಾವ ಸದ್ದಿಗಾಗಿ ಅವಳು ಇಷ್ಟೆಲ್ಲ ಮಾಡಿದ್ದಳೋ ಅದೇ ಸದ್ದು, ಅವಳ ಕಣ್ಣೆದುರು. ಆದರೆ ಅದಕ್ಕೆ ಅವಳು ಬೇಕಾಗಿರಲಿಲ್ಲ, ಅವಳ ಕೋಣೆಯೂ ಬೇಕಾಗಿರಲಿಲ್ಲ. ಮುಂದಿನ ಸಾಲಿನವರು ಎದ್ದು ಮೇಜುಗಳ ನಡುವೆ ಓಡಾಡಿ ನೋಡಿದರು, ನಕ್ಕರು, ಮೇಷ್ಟ್ರ ಬೆನ್ನು ತಟ್ಟಿದರು. ಹೀಗೊಂದು ಪರೀಕ್ಷೆ ಇಡುವ ಉಪಾಯ ಯಾರದ್ದು ಅಂತ ಕೇಳಿದರು.

ಸ್ವಲ್ಪ ಹೊತ್ತಿಗೆ ಮೇಷ್ಟ್ರು ಹಿಂದಿನ ಬಾಗಿಲಿಗೆ ಬಂದರು. ಮುಖದಲ್ಲಿ ರಕ್ತ ಮರಳಿತ್ತು, ಕಣ್ಣಲ್ಲಿ ನೀರೂ ಇತ್ತು.

"ಬೇಕಂತಲೇ ಹಾಗೆ ಬಿಟ್ಟಿದ್ರಿ ಅಲ್ವಾ ಮೇಡಂ? ಮಕ್ಕಳೇ ಬಿಡಿಸ್ಲಿ ಅಂತ. ನಿಮ್ಮ ಹೆಸರೇ ಹೇಳಿದೀನಿ ಅವ್ರಿಗೆ. ಬನ್ನಿ, ಕರೀತಿದಾರೆ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಶಾಲು, ಚಪ್ಪಾಳೆ, ಯಾರಿಗೆ ಗೊತ್ತು, ಕೋಣೆಯ ಮಾತೂ ಎತ್ತಬಹುದಿತ್ತು. ಲ್ಯಾಬಕ್ಕ ಅವರ ಮುಖ ನೋಡಿದಳು. ಇಷ್ಟು ದಿನದಲ್ಲಿ ಯಾರಾದರೂ ಅವಳನ್ನು ಅಷ್ಟು ಪ್ರೀತಿಯಿಂದ ನೋಡಿದ್ದರೆ ಅದು ಇದೊಂದೇ ಸಲ, ಮತ್ತು ಅದು ಸುಳ್ಳಿನ ಮೇಲೆ ನಿಂತಿತ್ತು.

"ಇಲ್ಲ ಸರ್. ನಂಬರ್ ಹಾಕೋದು ಮರೆತಿದ್ದೆ. ಆಮೇಲೆ ಗೊತ್ತಾಯ್ತು. ಗೊತ್ತಾದ್ಮೇಲೂ ಹೇಳ್ಲಿಲ್ಲ."

ಮೇಷ್ಟ್ರ ನಗು ಹೋಗಲು ತುಸು ಹೊತ್ತು ಹಿಡಿಯಿತು. "ನಿನ್ನೆ ನಾನು ಬಂದು ಕೇಳಿದ್ದೆ," ಅಂದರು.

"ಕೇಳಿದ್ರಿ."

"ಯಾಕೆ ಮೇಡಂ?"

"ಮನೇಲೂ ಒಬ್ಬಳೇ, ಇಲ್ಲೂ ಒಬ್ಬಳೇ. ನನ್ನ ಕೈಲಿ ಆಗ್ತಿಲ್ಲ ಸರ್. ಪೆಟ್ಟಿಗೆ ಕೆಟ್ರೆ ಮಕ್ಕಳು ವಾಪಸ್ ಬರ್ತಾರೆ ಅಂದ್ಕೊಂಡೆ."

ಅವರು ಜೇಬಿನ ಸ್ಕ್ರೂಡ್ರೈವರನ್ನು ಒಮ್ಮೆ ಮುಟ್ಟಿ ನೋಡಿಕೊಂಡರು, ತಿರುಗಿ ಒಳಗೆ ಹೋದರು. ಅಲ್ಲಿ ಏನು ಹೇಳಿದರೋ, ಯಾರೂ ಅವಳನ್ನು ಕರೆಯಲು ಬರಲಿಲ್ಲ.

ನೋಟೀಸು ಬರಬಹುದು ಅಂತ ಅವಳು ಕಾದಳು, ಬರಲಿಲ್ಲ. ಬಂದದ್ದು ಪರೀಕ್ಷಾ ವಿಭಾಗದ ಬೀರುಗಳು. ಕೂಲಿಯವರು ಲ್ಯಾಬಿನ ಬೆಂಚುಗಳನ್ನು ಎತ್ತಿ ಅಂಗಳದಲ್ಲಿ ಸಾಲಾಗಿ ಇಟ್ಟರು. ಲ್ಯಾಬಕ್ಕ ಕತ್ತರಿ, ಇಕ್ಕಳ, ಉಳಿದಿದ್ದ ಒಂದು ಪೆಟ್ಟಿಗೆ ಇಷ್ಟನ್ನು ಚೀಲಕ್ಕೆ ಹಾಕಿಕೊಂಡು ಹಿಂದಿನ ಕಟ್ಟಡಕ್ಕೆ ಹೋದಳು. ಹೋಗುವ ಮೊದಲು ಫ್ಯಾನಿನ ಕಟಕಟ ಸರಿಪಡಿಸಿದಳು, ಇನ್ನು ಅದು ಯಾರಿಗೆ ಬೇಕು.

ಕಡತದ ಕೋಣೆಯಲ್ಲಿ ಪ್ರಿನ್ಸಿಪಾಲರು ಹೇಳಿದ ಹಾಗೆ ಯಾರ ಕಾಟವೂ ಇರಲಿಲ್ಲ. ಬೇಕರಿ ಹುಡುಗಿ ಒಮ್ಮೆ ಬಂದು ಮಾತಾಡಿಸಿ ಹೋದಳು, ಪಾಳಿಗೆ ಹೊತ್ತಾಯಿತೆಂದು ನಿಂತೇ ಇದ್ದಳು. ಹೊಸ ಮೇಷ್ಟ್ರು ಅಂಗಳದಲ್ಲಿ ಎದುರಾದರೆ ತಲೆ ಬಗ್ಗಿಸಿ ದಾಟುತ್ತಿದ್ದರು. ಲ್ಯಾಬಕ್ಕ ಅವರನ್ನು ಬೈದುಕೊಳ್ಳಲಿಲ್ಲ. ತನ್ನನ್ನು ಬೈದುಕೊಂಡಳು, ಹಾಗೆ ಬೈಯುವುದಕ್ಕಾದರೂ ಜೊತೆಗೊಬ್ಬರು ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಒಂದೆರಡು ಸಲ ಚೀಲದಿಂದ ಪೆಟ್ಟಿಗೆ ತೆಗೆದು, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕರೆ ಕಳಿಸಿ ನೋಡಿದಳು. ಪ್ರತಿ ಸಲವೂ ಬಂತು. ಕೇಳುವವರು ಯಾರೂ ಇರಲಿಲ್ಲ, ಮುಚ್ಚಿಟ್ಟಳು.

ಮುಂದಿನ ತಂಡದ ಪೆಟ್ಟಿಗೆಗಳು ಬಂದದ್ದು ರಜೆ ಮುಗಿದ ಮೇಲೆ. ಒಂದು ಮಧ್ಯಾಹ್ನ ಮೇಷ್ಟ್ರು ರಟ್ಟಿನ ದೊಡ್ಡ ಡಬ್ಬವೊಂದನ್ನು ತಾವೇ ಎದೆಗವಚಿಕೊಂಡು ಬಂದು ಅವಳ ಮೇಜಿನ ಮೇಲೆ ಇಳಿಸಿದರು. ಅವಳ ಮುಖ ನೋಡಲಿಲ್ಲ.

"ಕಾರ್ಡು ನಕಲು ಮಾಡ್ಬೇಕು. ಆಮೇಲೆ ಒಂದೊಂದಕ್ಕೂ ನಂಬರ್ ಹಾಕ್ಬೇಕು. ಈ ಸಲ ನಿಮ್ಮೊಬ್ಬರ ಕೈಗೆ ಬಿಡೋಕಾಗಲ್ಲ ಮೇಡಂ. ಮುಗಿಯೋವರೆಗೂ ನಾನು ಇಲ್ಲೇ ಕೂರ್ತೀನಿ."

ಲ್ಯಾಬಕ್ಕನ ಕಿವಿ ಬಿಸಿಯಾಯಿತು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. "ಆಗ್ಲಿ ಸರ್," ಅಂದಳು.

ಮೇಷ್ಟ್ರು ಹೊರಗೆ ಹೋಗಿ ಇನ್ನೊಂದು ಕುರ್ಚಿ ತಂದರು. ಅದನ್ನು ಮೇಜಿನ ಆಚೆ ತುದಿಗೆ ಹಾಕಿ, ಕಡತಗಳನ್ನು ನೆಲಕ್ಕಿಳಿಸಿ, ಒಂದು ಪೆಟ್ಟಿಗೆಯನ್ನು ತಮ್ಮ ಮುಂದೆ ಇಟ್ಟುಕೊಂಡರು. ಅವಳ ಮುಂದೆ ಇನ್ನೊಂದು. ನಡುವೆ ಒಂದು ತಂತಿ. ಅವಳು ಕಾರ್ಡು ತೂರಿಸಿ ನಂಬರು ಒತ್ತಿದಳು. ಬೇಕಂತಲೇ ನಿಧಾನ ಮಾಡಬಹುದಿತ್ತು, ಆ ಆಸೆ ಬೆರಳಿನ ತುದಿಯವರೆಗೂ ಬಂದಿತ್ತು. ಮಾಡಲಿಲ್ಲ, ಎಂದಿನ ವೇಗದಲ್ಲೇ ಒತ್ತಿದಳು. ಅವರು ಆ ತುದಿಯಿಂದ ಕರೆ ಕಳಿಸಿದರು. ಅದು ಮುಟ್ಟಿದ್ದು ಅವರ ಪರದೆಯಲ್ಲೂ ಕಾಣುತ್ತಿತ್ತು. ಆದರೆ ನಂಬಿಕೆ ಹೋಗಿತ್ತಲ್ಲ, ಅವಳ ಬಾಯಿಂದಲೇ ಕೇಳಬೇಕಾಗಿತ್ತು.

"ಬಂತಾ?" ಅಂದರು, ತಲೆಯೆತ್ತದೆ, ಒಣ ದನಿಯಲ್ಲಿ.

ಲ್ಯಾಬಕ್ಕ ತನ್ನ ಪರದೆಗೆ ಬಗ್ಗಿ ನೋಡಿದಳು.

"ಬಂತು."

"ಸರಿ. ಮುಂದಿನದು ತಗೊಳ್ಳಿ," ಅಂದರು ಮೇಷ್ಟ್ರು.